ಫೋಟೋ ಅಡಿಬರಹಕ್ಕೆ ಒಂದು ಪದ ಬೇಕು: ‘ಎಕ್ಸಾಟಿಕ್’ ಬಾತು ಅಂದ್ರೆ ವಿದೇಶಿನಾ, ವಲಸೆನಾ, ಸೀಮೆನಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ತಲೇಲಿ ಕೊರೀತಾ ಇದೆ, ಬಲ್ಲವರು ದಾರಿ ತೋರಿಸ್ಬೇಕು. ಕೆಲವು ಜೌಗು ಪ್ರದೇಶದ ಪಕ್ಷಿಧಾಮಗಳಲ್ಲಿ ತಾವಾಗೇ ಬಂದಿಳಿಯೋ ಹಕ್ಕಿಗಳ ಜೊತೆಗೆ ಪ್ರಪಂಚದ ಬೇರೆಬೇರೆ ಮೂಲೆಯಿಂದ ತಂದು ಸಾಕಿರೋ ಬಾತು, ಹೆಬ್ಬಾತು, ಹಂಸಗಳೂ ಇರ್ತವೆ. ಅಂಥ ಕಡೆ ಒಂದಿಡೀ ದಿನ ಕ್ಯಾಮೆರಾ ಹಿಡ್ಕೊಂಡು ಓಡಾಡಿದ ಮೇಲೆ ಕಾರ್ಡ್ ತುಂಬಾ ಫೋಟೋ ಇವೆ, ಅಡಿಬರಹ ಬರೆಯೋಕೆ ಕೂತ್ರೆ ಕೈ ಓಡ್ತಿಲ್ಲ. ಇಂಗ್ಲಿಷಲ್ಲಿ ‘ಎಕ್ಸಾಟಿಕ್ ವಾಟರ್‌ಫೌಲ್’ ಅಂತ ಎರಡು ಪದದಲ್ಲಿ ಮುಗಿಸ್ತಾರೆ. ಕನ್ನಡದಲ್ಲಿ ಇದನ್ನ ಹೇಗೆ ಹೇಳ್ತೀರಿ ಅನ್ನೋದೇ ನನ್ನ ಪ್ರಶ್ನೆ.

‘ವಾಟರ್‌ಫೌಲ್’ ಬಗ್ಗೆ ನನಗೆ ಅಷ್ಟೇನೂ ತಕರಾರಿಲ್ಲ. ನೀರುಹಕ್ಕಿ, ಜಲಪಕ್ಷಿ ಅಂದ್ರೆ ಕೊಕ್ಕರೆ, ನೀರುಕಾಗೆ, ಗುಳುಮುಳುಕ ಎಲ್ಲಾ ಅದರೊಳಗೆ ಬಂದ್ಬಿಡ್ತವೆ, ನೀರುಕೋಳಿ ಅಂದ್ರೆ ಅದು ಬೇರೇನೇ ಹಕ್ಕಿ. ಬಾತು, ಹೆಬ್ಬಾತು, ಹಂಸ ಈ ಮೂರನ್ನ ಸೇರಿಸಿ ‘ಬಾತಿನ ಬಳಗ’ ಅಂದ್ರೆ ಸಾಕು, ಕೇಳಿದ ತಕ್ಷಣ ಅರ್ಥ ಆಗುತ್ತೆ. ಹಂಸದಲ್ಲೊಂದು ಸಣ್ಣ ತೊಡಕಿದೆ, ನಮಗೆ ಹಂಸ ಅಂದ್ರೇನೇ ಬಿಳುಪು, ಆಸ್ಟ್ರೇಲಿಯಾದ ಕಪ್ಪು ಹಂಸಕ್ಕೆ ‘ಕರಿಹಂಸ’ ಅಂತ ಬರೆದ್ರೆ ಓದೋರು ಒಂದು ಕ್ಷಣ ನಿಲ್ತಾರೆ. ನಿಲ್ಲಲಿ ಬಿಡಿ, ಅದು ಪೂರ್ತಿ ಕಪ್ಪೂ ಅಲ್ಲ, ರೆಕ್ಕೆ ಬಿಚ್ಚಿದಾಗ ಅಂಚಿನ ಹಾರುಗರಿಗಳು ಅಚ್ಚ ಬಿಳಿ.

ನಿಜವಾದ ತೊಂದರೆ ‘ಎಕ್ಸಾಟಿಕ್’ನಲ್ಲೇ. ಮೊದಲು ಇಂಟರ್‌ನೆಟ್ ಅನುವಾದ ಕೊಡೋ ‘ವಿಲಕ್ಷಣ ಪಕ್ಷಿ’ ನೋಡಿ, ಕನ್ನಡದಲ್ಲಿ ವಿಲಕ್ಷಣ ಅಂದ್ರೆ ಏನೋ ಸರಿಯಿಲ್ಲದ್ದು, ವಿಚಿತ್ರವಾದ್ದು. ಮ್ಯಾಂಡರಿನ್ ಡಕ್‌ನ ಗಂಡು ಬೆನ್ನ ಮೇಲೆ ಎರಡು ಕಿತ್ತಳೆ ಗರಿಗಳನ್ನ ಹಾಯಿಪಟದ ಥರ ಎತ್ಕೊಂಡು ಎದುರಿಗೆ ಈಜ್ಕೊಂಡು ಬರ್ತಿರುವಾಗ ಅದನ್ನ ವಿಲಕ್ಷಣ ಅನ್ನೋಕೆ ನನಗಂತೂ ಮನಸ್ಸು ಬರಲ್ಲ. ‘ಪರದೇಶಿ’ ಅನ್ನೋಣ ಅಂದ್ರೆ ಆಡುಮಾತಿನಲ್ಲಿ ಅದಕ್ಕೆ ದಿಕ್ಕಿಲ್ಲದವನು, ಅನಾಥ ಅನ್ನೋ ಅರ್ಥವೇ ಗಟ್ಟಿಯಾಗಿ ಕೂತುಬಿಟ್ಟಿದೆ.

ಉಳಿದಿದ್ದು ‘ವಿದೇಶಿ’. ಪದಕೋಶದ ಪ್ರಕಾರ ಇದು ಸರಿ, ಬಳಕೆಯಲ್ಲಿ ಮಾತ್ರ ಕೆಟ್ಟುಹೋಗಿದೆ ಅನ್ನೋದು ನನ್ನ ಅಭಿಪ್ರಾಯ. ಚಳಿಗಾಲ ಬಂತು ಅಂದ್ರೆ ಪತ್ರಿಕೆಗಳಲ್ಲಿ ‘ವಿದೇಶಿ ಹಕ್ಕಿಗಳ ಕಲರವ’ ಅನ್ನೋ ತಲೆಬರಹ ಇದ್ದೇ ಇರುತ್ತೆ, ಅಲ್ಲಿ ಹೇಳ್ತಿರೋದು ವಲಸೆ ಹಕ್ಕಿಗಳ ಬಗ್ಗೆ. ಸೂಜಿಬಾಲದ ಬಾತು ಉತ್ತರದ ದೂರದೂರದ ನಾಡುಗಳಲ್ಲಿ ಮರಿ ಮಾಡಿ, ಅಲ್ಲಿ ನೀರು ಹೆಪ್ಪುಗಟ್ಟೋ ಹೊತ್ತಿಗೆ ತನ್ನ ರೆಕ್ಕೆಬಲದಿಂದಲೇ ಭಾರತಕ್ಕೆ ಬರುತ್ತೆ, ವರ್ಷದ ಅಷ್ಟು ತಿಂಗಳು ಅದರ ಮನೆ ಇಲ್ಲೇ, ಅದನ್ನ ವಿದೇಶಿ ಅನ್ನೋದು ಅನ್ಯಾಯ. ಅದಕ್ಕೆ ‘ವಲಸೆ’ ಅನ್ನೋ ಒಳ್ಳೇ ಪದ ಇದ್ದೇ ಇದೆ. ಆದ್ರೆ ಓದುಗರ ತಲೇಲಿ ವಿದೇಶಿ ಅಂದ್ರೆ ವಲಸೆ ಅಂತ ಒಂದಾಗಿಹೋಗಿದೆ. ಈಗ ನಾನು ದಕ್ಷಿಣ ಅಮೆರಿಕದಿಂದ ಮನುಷ್ಯರು ತಂದು ಕೊಳದಲ್ಲಿ ಬಿಟ್ಟಿರೋ ಒಂದು ಬಾತಿನ ಫೋಟೋ ಕೆಳಗೆ ‘ವಿದೇಶಿ ಬಾತು’ ಅಂತ ಬರೆದ್ರೆ, ಪಾಪ ಅಲ್ಲಿಂದ ಇಲ್ಲೀವರೆಗೆ ಹಾರ್ಕೊಂಡು ಬಂದಿದೆ ಅಂತಲೇ ನಂಬ್ತಾರೆ. ಅದೇ ತಪ್ಪು ಮಾಹಿತಿ ಆಮೇಲೆ ಎಲ್ಲೆಲ್ಲಿಗೋ ಹೋಗುತ್ತೆ.

ಇಷ್ಟೆಲ್ಲಾ ಯೋಚನೆ ಮಾಡ್ತಿರುವಾಗ ನನಗೆ ಹೊಳೆದಿದ್ದು ‘ಸೀಮೆ’. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು. ಸೀಮೆ ಅಂದ್ರೆ ಮೂಲದಲ್ಲಿ ಎಲ್ಲೆ, ಗಡಿ. ಆಮೇಲೆ ಗಡಿಯೊಳಗಿನ ಪ್ರದೇಶ, ಬಯಲುಸೀಮೆ ಅಂತೀವಲ್ಲ ಹಾಗೆ. ಅಲ್ಲಿಂದ ಇನ್ನೂ ಮುಂದಕ್ಕೆ ಹೋಗಿ ಕಡಲಾಚೆಯ ನಾಡು, ಅಲ್ಲಿಂದ ಬಂದ ವಸ್ತು ಅನ್ನೋ ಅರ್ಥಕ್ಕೆ ನಿಂತಿದೆ. ತಮಿಳು, ತೆಲುಗಿನಲ್ಲೂ ಹೀಗೇ ಬಳಸ್ತಾರೆ. ನನಗೆ ತುಂಬಾ ಇಷ್ಟ ಆಗಿದ್ದು ಏನಂದ್ರೆ ದನ ಸಾಕೋರ ಬಾಯಲ್ಲಿ ಇದಕ್ಕೆ ಜೋಡಿ ಪದವೂ ಇದೆ: ನಾಟಿ ಹಸು, ಸೀಮೆ ಹಸು. ಇಂಗ್ಲಿಷಿನ ನೇಟಿವ್, ಎಕ್ಸಾಟಿಕ್ ಅನ್ನೋ ಜೋಡಿಗೆ ಸರಿಸಮ ನಿಲ್ಲೋ ಮಾತು, ಯಾವ ಸಮಿತಿಯೂ ಕೂತು ಟಂಕಿಸಿದ್ದಲ್ಲ. ಅದೂ ಅಲ್ದೆ ಸೀಮೆಹಸು ಅಂದಾಗ ಅದು ತಾನಾಗೇ ನಡ್ಕೊಂಡು ಬಂತು ಅಂತ ಯಾರೂ ಅಂದ್ಕೊಳ್ಳಲ್ಲ, ಮನುಷ್ಯರು ತಂದಿದ್ದು ಅನ್ನೋದು ಪದದೊಳಗೇ ಇದೆ. ‘ವಿದೇಶಿ’ ಕೈಕೊಡೋ ಜಾಗದಲ್ಲೇ ‘ಸೀಮೆ’ ಕೈಹಿಡಿಯುತ್ತೆ. ಅದಕ್ಕೇ ‘ಸೀಮೆಬಾತು’ ಅಂತ ಬರೆಯೋಣ ಅನ್ಸಿದೆ.

ಇದರಲ್ಲೂ ಒಂದು ಗಂಟು ಇದೆ, ಅದನ್ನ ನೀವೇ ಬಿಡಿಸ್ಬೇಕು. ಸೀಮೆ ಅನ್ನೋದು ನಾವು ಎಲ್ಲಿ ನಿಂತು ನೋಡ್ತೀವಿ ಅನ್ನೋದರ ಮೇಲೆ ನಿಂತಿರೋ ಪದ. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಭಾರತದಲ್ಲಿ ವಲಸೆ ಹಕ್ಕಿ. ಅದೇ ಹಕ್ಕಿಯನ್ನ ಯುರೋಪಿನಲ್ಲಿ ಅಂದಕ್ಕೆ ಅಂತ ಸಾಕಿದ್ರು, ತಪ್ಪಿಸ್ಕೊಂಡವು ನೆದರ್‌ಲೆಂಡ್ಸ್, ಜರ್ಮನಿ ಕಡೆ ಈಗ ಹೊರಗಡೆಯೇ ಮರಿ ಮಾಡ್ತವೆ, ಅಲ್ಲಿಯವರಿಗೆ ಅದು ಎಕ್ಸಾಟಿಕ್. ಚಕ್ರವಾಕದ ಕಥೇನೂ ಇದೇ. ಹಳಗನ್ನಡದಲ್ಲಿ ಜಕ್ಕವಕ್ಕಿ ಅಂತ ಕರೆಸ್ಕೊಂಡು, ರಾತ್ರಿ ಜೋಡಿ ಅಗಲೋ ವಿರಹಕ್ಕೆ ಹೆಸರಾಗಿ ನಮ್ಮ ಕಾವ್ಯದ ತುಂಬಾ ಇರೋ ಹಕ್ಕಿ ಅದು, ಸ್ವಿಟ್ಜರ್ಲೆಂಡಿನ ಕೆರೆಯಲ್ಲಿ ಅದರ ಫೋಟೋ ತೆಗೆದ್ರೆ ಅಲ್ಲಿಯ ಲೆಕ್ಕಕ್ಕೆ ಸಾಕಿದ್ದು ತಪ್ಪಿಸ್ಕೊಂಡು ನೆಲೆಯೂರಿದ ಹೊರಗಿನ ಹಕ್ಕಿ. ಕನ್ನಡದಲ್ಲಿ ಅದಕ್ಕೆ ‘ಸೀಮೆಬಾತು’ ಅಂತ ಬರೆಯೋಕಾಗುತ್ತಾ? ಓದೋ ಕನ್ನಡಿಗರಿಗೆ ಅದು ಸೀಮೆದಲ್ಲವೇ ಅಲ್ಲ. ನನಗೆ ಅನ್ಸೋದು, ಸೀಮೆ ಅನ್ನೋದನ್ನ ಹಕ್ಕಿಯ ಹೆಸರಿಗೆ ಅಂಟಿಸಬಾರದು, ಜಾಗಕ್ಕೆ ಅಂಟಿಸ್ಬೇಕು. ‘ಜಕ್ಕವಕ್ಕಿ, ಇಲ್ಲಿಗೆ ಸೀಮೆಯದು’ ಅಂತ. ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಸುಳ್ಳಾಗಲ್ಲ.

ಇನ್ನೊಂದು ಪದ ಇದಕ್ಕಿಂತ ಕಷ್ಟದ್ದು. ಸೀಮೆ ಅಂದ್ರೆ ಎಲ್ಲಿಂದ ಬಂತು ಅಂತ ಗೊತ್ತಾಯ್ತು, ಆ ಹಕ್ಕಿ ಈಗ ಹೇಗಿದೆ, ಸಾಕಣೆಯಲ್ಲಿದೆಯಾ, ಸ್ವತಂತ್ರವಾಗಿದೆಯಾ ಅನ್ನೋದಕ್ಕೆ? ಫೋಟೋಗ್ರಫಿಯಲ್ಲಿ ಇದು ಮರ್ಯಾದೆಯ ಪ್ರಶ್ನೆ. ಎಷ್ಟೋ ವನ್ಯಜೀವಿ ಫೋಟೋ ಸ್ಪರ್ಧೆಗಳಲ್ಲಿ ಸಾಕಿದ ಪ್ರಾಣಿಯ ಚಿತ್ರ ಆದ್ರೆ ಹಾಗಂತ ಹೇಳಲೇಬೇಕು ಅನ್ನೋ ನಿಯಮ ಇರುತ್ತೆ. ಕಂಡ ಜೀವಿಗಳನ್ನ ದಾಖಲಿಸೋ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಇಂಥದ್ದಕ್ಕೆ ಬೇರೆ ಗುರುತು ಹಾಕೋ ವ್ಯವಸ್ಥೆ ಇದೆ, ಹಕ್ಕಿಗಳನ್ನಷ್ಟೇ ದಾಖಲಿಸೋ ಇಬರ್ಡ್‌ನಲ್ಲಂತೂ ಎಕ್ಸಾಟಿಕ್ ಹಕ್ಕಿಗಳನ್ನೇ ಮೂರು ಭಾಗ ಮಾಡಿದಾರೆ, ನೆಲೆಯೂರಿದ್ದು, ಇನ್ನೂ ಪೂರ್ತಿ ನೆಲೆಯೂರಿಲ್ಲದ್ದು, ತಪ್ಪಿಸ್ಕೊಂಡಿದ್ದು.

ಸಾಕಿದ್ದೋ ಅಲ್ವೋ ಅಂತ ದೂರದಿಂದ ನೋಡಿದ್ರೆ ಗೊತ್ತಾಗಲ್ಲ, ಕ್ಯಾಮೆರಾ ಹೇಳಿಬಿಡುತ್ತೆ. ಸ್ನಾನ ಮುಗಿಸಿದ ಬಾತು ನೀರ ಮೇಲೆ ಎದೆ ಎತ್ತಿ ನಿಂತು ಒಂದೆರಡು ಸಲ ರೆಕ್ಕೆ ಬಡಿಯುತ್ತಲ್ಲ, ಎಲ್ಲರೂ ಕಾಯೋದೇ ಆ ಫ್ರೇಮ್‌ಗೆ. ಶಟರ್ ವೇಗ 1/2000 ಸೆಕೆಂಡಿನ ಆಸುಪಾಸು ಇಟ್ಟು, ನೀರಿನ ಮಟ್ಟಕ್ಕೇ ಮಲಗಿ ತೆಗೆದ್ರೆ ಒಂದೊಂದು ಹನಿಯೂ ಬೇರೆಬೇರೆ ಕಾಣುತ್ತೆ. ಅಂಥದೊಂದು ಫ್ರೇಮನ್ನ ಸ್ಕ್ರೀನ್ ಮೇಲೆ ದೊಡ್ಡದು ಮಾಡಿದಾಗ ಎಡರೆಕ್ಕೆ ತುದಿವರೆಗೂ ಬಿಚ್ಚಿದೆ, ಉದ್ದನೆಯ ಹಾರುಗರಿಗಳು ಬೆರಳಿನ ಹಾಗೆ ಹರಡಿವೆ, ಬಲರೆಕ್ಕೆ ಮಾತ್ರ ಅರ್ಧಕ್ಕೇ ನಿಂತಿದೆ. ಹಾರಿ ಹೋಗದೇ ಇರ್ಲಿ ಅಂತ ಮರಿ ಇದ್ದಾಗಲೇ ಒಂದು ರೆಕ್ಕೆಯ ತುದಿ ಗೆಣ್ಣು ತೆಗೆದಿರ್ತಾರೆ, ಆ ಗರಿಗಳು ಮತ್ತೆ ಬರೋದೇ ಇಲ್ಲ. ಗರಿ ಮಾತ್ರ ಕತ್ತರಿಸಿದ್ರೆ ಮುಂದಿನ ಗರಿ ಉದುರೋ ಕಾಲದಲ್ಲಿ ಹೊಸದು ಬರುತ್ತೆ, ಇದು ಹಾಗಲ್ಲ. ಈ ಎರಡಕ್ಕೂ ನಾವು ‘ರೆಕ್ಕೆ ಕತ್ತರಿಸಿದ’ ಅಂತ ಒಂದೇ ಮಾತು ಹೇಳಿದ್ರೆ ವ್ಯತ್ಯಾಸ ಪೂರ್ತಿ ಕಳೆದುಹೋಗುತ್ತೆ. ನಾನು ಒಂದಕ್ಕೆ ‘ಗರಿ ಕತ್ತರಿಸಿದ’, ಇನ್ನೊಂದಕ್ಕೆ ‘ರೆಕ್ಕೆತುದಿ ತೆಗೆದ’ ಅಂತ ಬರೀತಿದೀನಿ, ಇದಕ್ಕಿಂತ ಚೆನ್ನಾಗಿರೋದು ಇದ್ರೆ ಹೇಳಿ.

ಕಾಲಿನ ಉಂಗುರ ಇನ್ನೊಂದು ಗುರುತು. 2018ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್‌ನಲ್ಲಿ ಒಂದು ಮ್ಯಾಂಡರಿನ್ ಗಂಡು ಕಾಣಿಸ್ಕೊಂಡು ಊರಿಗೂರೇ ಕ್ಯಾಮೆರಾ ಹೊತ್ಕೊಂಡು ಹೋಯ್ತಲ್ಲ, ಅದರ ಕಾಲಲ್ಲೂ ಪಟ್ಟಿ ಇತ್ತು, ಯಾರೋ ಸಾಕಿದ್ದು ಅಂತ ಗೊತ್ತಾಗಿದ್ದೇ ಅದರಿಂದ. ಕೆಲವರು ಎಡಿಟ್ ಮಾಡುವಾಗ ಆ ಉಂಗುರ ಅಳಿಸಿಬಿಡ್ತಾರೆ, ಚಿತ್ರ ಚೆಂದ ಕಾಣಲಿ ಅಂತ. ದಯವಿಟ್ಟು ಹಾಗೆ ಮಾಡಬೇಡಿ, ಆ ಉಂಗುರ ಇದ್ರೆ ಅಡಿಬರಹದ ಅರ್ಧ ಕೆಲಸ ಅದೇ ಮಾಡುತ್ತೆ.

ಸರಿ, ಆ ‘ಸಾಕಣೆಯಲ್ಲಿರೋ’ ಅನ್ನೋದಕ್ಕೆ ಒಂದು ಚಿಕ್ಕ ಪದ ಬೇಕಲ್ಲ. ‘ಸೆರೆ’ ಅಂದ್ರೆ ಜೈಲು ನೆನಪಾಗುತ್ತೆ, ‘ಪಂಜರದ’ ಅನ್ನೋಕೆ ಅಲ್ಲಿ ಪಂಜರವೇ ಇಲ್ಲ, ತೆರೆದ ಕೊಳ. ಆನೆಗಾದ್ರೆ ನಮ್ಮಲ್ಲಿ ತುಂಬಾ ಚೊಕ್ಕವಾದ ಪದ ಇದೆ, ‘ಸಾಕಾನೆ’. ಕಾಡಾನೆ, ಸಾಕಾನೆ. ಜಾತಿ ಒಂದೇ, ಇರೋ ರೀತಿ ಬೇರೆ, ಇಷ್ಟೂ ಅರ್ಥ ಮೂರಕ್ಷರದಲ್ಲಿ. ಅದೇ ಮಾದರಿಯಲ್ಲಿ ‘ಸಾಕುಬಾತು’ ಅಂದ್ರೆ ಆಗಲ್ಲ, ಯಾಕಂದ್ರೆ ಬಾತಿನಲ್ಲಿ ಸಾವಿರಾರು ವರ್ಷದಿಂದ ಸಾಕಿ ತಳಿಯೇ ಬದಲಾಗಿರೋ ಬಿಳಿ ಬಾತುಕೋಳಿ ಇದೆ, ಸಾಕುಬಾತು ಅಂದ ಕೂಡಲೇ ಅದೇ ಕಣ್ಮುಂದೆ ಬರುತ್ತೆ. ಆನೆಗೆ ಅಂಥ ಸಾಕುತಳಿ ಇಲ್ಲ, ಅದಕ್ಕೇ ‘ಸಾಕಾನೆ’ಯಲ್ಲಿ ಗೊಂದಲ ಇಲ್ಲ. ಸದ್ಯಕ್ಕೆ ನಾನು ‘ಸಾಕಿದ ಕಾಡುಬಾತು’ ಅಂತ ಹಾಕ್ತಿದೀನಿ. ಕಿವಿಗೆ ಸ್ವಲ್ಪ ಒರಟು, ಆದ್ರೂ ಎರಡೂ ಅಂಶ ಬಂದಿದೆ.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟು ಚರ್ಚೆ ಬೇಕಾ ಅಂತ ಕೇಳೋರಿಗೆ ಎರಡು ಉದಾಹರಣೆ ಹೇಳ್ತೀನಿ, ಎರಡೂ ಇಂಗ್ಲೆಂಡಿನ ಸ್ಲಿಂಬ್ರಿಡ್ಜ್‌ದು. ಪಕ್ಷಿತಜ್ಞ ಪೀಟರ್ ಸ್ಕಾಟ್ 1946ರಲ್ಲಿ ಸೆವೆರ್ನ್ ನದಿ ಪಕ್ಕದ ಜೌಗಿನಲ್ಲಿ ಶುರುಮಾಡಿದ ಜಾಗ ಅದು, ತಾವಾಗೇ ಬರೋ ಹಕ್ಕಿಗಳೂ ಸಾಕಿದ ಹಕ್ಕಿಗಳೂ ಒಟ್ಟಿಗೆ ಇರೋ ಇಂಥ ಜಾಗಗಳಿಗೆಲ್ಲಾ ಹಿರಿಯಣ್ಣ. ಹವಾಯಿ ದ್ವೀಪದ ನೇನೆ ಅನ್ನೋ ಹೆಬ್ಬಾತು 1950ರ ಹೊತ್ತಿಗೆ ಸುಮಾರು 30ಕ್ಕೆ ಇಳಿದಿತ್ತು, ಸ್ಲಿಂಬ್ರಿಡ್ಜ್‌ಗೆ ಕೆಲವನ್ನ ತಂದು ಮರಿ ಮಾಡಿಸಿ, 1962ರಲ್ಲಿ ವಾಪಸ್ ಹವಾಯಿಯ ಮಾವಿ ದ್ವೀಪದಲ್ಲಿ ಬಿಟ್ರು. ಅಲ್ಲಿ ಸೀಮೆಯ ಹಕ್ಕಿಯಾಗಿ ಬೆಳೆದದ್ದು ತನ್ನ ನೆಲದಲ್ಲಿ ಮತ್ತೆ ನಾಟಿ ಆಯ್ತು. ಇನ್ನೊಂದು ಕಡೆ ಅದೇ ಜಾಗಕ್ಕೆ ಉತ್ತರ ಅಮೆರಿಕದಿಂದ ತಂದ ರಡ್ಡಿ ಡಕ್, ನೀಲಿ ಕೊಕ್ಕು, ಸೆಟೆದು ನಿಂತ ಬಾಲ, ನೋಡೋಕೆ ಮುದ್ದಾದ ಹಕ್ಕಿ. ಕೆಲವು ಮರಿಗಳು ತಪ್ಪಿಸ್ಕೊಂಡು ಬ್ರಿಟನ್ ತುಂಬಾ ಹಬ್ಬಿ, ಸ್ಪೇನಿನವರೆಗೆ ಹೋಗಿ, ಅಲ್ಲಿಯ ಅಪರೂಪದ ಬಿಳಿತಲೆ ಬಾತಿನ ಜೊತೆ ಕೂಡಿ ಬೆರಕೆ ಮರಿಗಳಾಗೋಕೆ ಶುರುವಾಯ್ತು. ಆ ಬೆರಕೆಯಲ್ಲಿ ಬಿಳಿತಲೆ ಬಾತು ಅನ್ನೋ ಜಾತಿಯೇ ಕರಗಿಹೋಗುತ್ತೆ ಅಂತ 2005ರಿಂದ ಬ್ರಿಟನ್ನಿನಲ್ಲಿ ರಡ್ಡಿ ಡಕ್‌ಗಳನ್ನ ಪೂರ್ತಿ ಇಲ್ಲವಾಗಿಸೋ ಕೆಲಸ ಕೈಗೊಂಡ್ರು. ಈ ಎರಡೂ ಹಕ್ಕಿಗಳ ಫೋಟೋ ಕೆಳಗೆ ಬರೀ ‘ವಿದೇಶಿ ಬಾತು’ ಅಂತ ಬರೆದ್ರೆ ಯಾರಿಗೆ ಏನು ಗೊತ್ತಾಗುತ್ತೆ?

ಹಾಗಾಗಿ ನನ್ನ ಸದ್ಯದ ಹಂಚಿಕೆ ಹೀಗಿದೆ. ತಾನಾಗೇ ಬಂದು ಹೋಗೋದು ವಲಸೆ. ಮನುಷ್ಯರು ಹೊರಗಿನಿಂದ ತಂದಿದ್ದು ಸೀಮೆ. ತಂದಿದ್ದು ತಪ್ಪಿಸ್ಕೊಂಡು ತಾನೇ ಮರಿ ಮಾಡ್ಕೊಂಡು ಉಳಿದದ್ದು ನೆಲೆಯೂರಿದ ಸೀಮೆಬಾತು. ಕೊನೇದಕ್ಕೆ ‘ಬೀಡಾಡಿ’ ಅಂತ ಒಬ್ಬರು ಸೂಚಿಸಿದ್ರು, ಬೀಡಾಡಿ ದನದ ಹಾಗೆ. ನನಗೆ ಅದು ಒಪ್ಪಿಗೆ ಆಗ್ಲಿಲ್ಲ, ಬೀಡಾಡಿ ಅಂದ್ರೆ ನೆಲೆ ಇಲ್ಲದೆ ಅಲೆಯೋದು, ಈ ಹಕ್ಕಿಗಳು ನೆಲೆ ಮಾಡ್ಕೊಂಡಿರೋದೇ ಸಮಸ್ಯೆ. ಒಂಟಿಯಾಗಿ ತಪ್ಪಿಸ್ಕೊಂಡು ಸುತ್ತೋ ಸೆಂಟ್ರಲ್ ಪಾರ್ಕಿನ ಮ್ಯಾಂಡರಿನ್ ಥರದ್ದಕ್ಕೆ ಬೇಕಾದ್ರೆ ಬೀಡಾಡಿ ಹೊಂದುತ್ತೆ.

ನಿಮ್ಮಿಂದ ಬೇಕಾಗಿರೋದು ಎರಡು. ಒಂದು, ನಾಟಿ ಮತ್ತು ಸೀಮೆ ಅನ್ನೋ ಜೋಡಿಯನ್ನ ದನ, ಗಿಡ ಬಿಟ್ಟು ಹಕ್ಕಿಗೆ ಯಾರಾದ್ರೂ ಬಳಸಿದ್ದು ಕೇಳಿದೀರಾ, ಬರಹದಲ್ಲೋ ಮಾತಲ್ಲೋ? ಎರಡು, ಬಾತಿನ ರೆಕ್ಕೆಯಲ್ಲಿ ಬಿಸಿಲು ಬಿದ್ದಾಗ ಹಸಿರೋ ನೀಲಿಯೋ ಫಳ್ ಅಂತ ಹೊಳೆಯೋ ಪಟ್ಟಿ ಇದೆಯಲ್ಲ, ಇಂಗ್ಲಿಷಲ್ಲಿ ಸ್ಪೆಕ್ಯುಲಮ್ ಅಂತಾರೆ, ಲ್ಯಾಟಿನ್‌ನಲ್ಲಿ ಅದರರ್ಥ ಕನ್ನಡಿ, ಅದಕ್ಕೆ ‘ರೆಕ್ಕೆಗನ್ನಡಿ’ ಅಂತ ಬರೆದಿದೀನಿ. ಬಾತು ಸಾಕೋ ಮನೆಯವರು ಯಾರಾದ್ರೂ ಇದ್ರೆ ಮನೇಲಿ ಅದನ್ನ ಏನಂತ ಕರೀತಾರೆ ಕೇಳಿ ತಿಳಿಸಿ, ನಾನು ಕಟ್ಟಿದ್ದು ಬಿಟ್ಟು ಅದನ್ನೇ ಹಾಕ್ತೀನಿ.