ಸಹಾಯ ಬೇಕು: ಘಾಟಿ ಇಳಿಯುವಾಗ ಕಾದುಹೋಗುವ ಬ್ರೇಕ್, ತಿರುವುಗಳಲ್ಲಿ ಪತ್ನಿಗೆ ಹೊಟ್ಟೆ ತೊಳಸು

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತ್ನಿ ವಾರಾಂತ್ಯಗಳಲ್ಲಿ ಕಾರಿನಲ್ಲಿ ಘಾಟಿ ರಸ್ತೆಗಳನ್ನು ಸುತ್ತುವ ಹವ್ಯಾಸವನ್ನು ಈಚೆಗೆ ಬೆಳೆಸಿಕೊಂಡಿದ್ದು, ಎರಡು ವಿಷಯಗಳಲ್ಲಿ ಅನುಭವಸ್ಥರ ಸಲಹೆ ಬೇಕಾಗಿದೆ.

ಮೊದಲನೆಯದು ಬ್ರೇಕ್. ಕಳೆದ ಬಾರಿ ಉದ್ದನೆಯ ಇಳಿಜಾರಿನಲ್ಲಿ ಹತ್ತು ಹನ್ನೆರಡು ಹೇರ್‌ಪಿನ್ ತಿರುವುಗಳನ್ನು ದಾಟುವಷ್ಟರಲ್ಲಿ ಸುಟ್ಟ ವಾಸನೆ ಬಂದು, ಪೆಡಲ್ ಮೆತ್ತಗಾಗಿ, ಎಂದಿಗಿಂತ ಎರಡು ಬೆರಳಿನಷ್ಟು ಕೆಳಕ್ಕೆ ಹೋಗತೊಡಗಿತು. ಬದಿಗೆ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಟ್ಟ ಮೇಲೆ ಸರಿಹೋಯಿತು. ಆಟೊಮ್ಯಾಟಿಕ್ ಗಾಡಿಯನ್ನು ಮಾಮೂಲಿ ಓಟದ ‘ಡಿ’ ಗೇರ್‌ನಲ್ಲೇ ಬಿಟ್ಟು ಬರೀ ಬ್ರೇಕ್ ಒತ್ತುತ್ತ ಇಳಿದದ್ದು ನನ್ನದೇ ತಪ್ಪು. ಆದರೆ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ ಕಾಲ ಕಳೆದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ, ಬಿಸಿಗೆ ಆವಿಯ ಗುಳ್ಳೆಗಳೆದ್ದು ಪೆಡಲ್ ಹೀಗೆ ಮೆತ್ತಗಾಗುತ್ತದೆ. ನಾವು ಅದನ್ನು 3 ವರ್ಷಗಳಿಂದ ಬದಲಿಸಿಲ್ಲ. ಆಯಿಲ್ ಬದಲಿಸಿದರೆ ಸಾಕೇ, ಪ್ಯಾಡ್‌ಗಳನ್ನೂ ಬಿಚ್ಚಿ ನೋಡಿಸಬೇಕೇ? ಎಂಜಿನ್ನೇ ವೇಗ ತಡೆಯಲೆಂದು ಕೆಳ ಗೇರ್ ಆದ ‘ಎಲ್’ಗೆ ಹಾಕಿದಾಗ ಎಂಜಿನ್ ಮೊರೆಯುವುದನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅದನ್ನು ಎಷ್ಟು ಆರ್‌ಪಿಎಂವರೆಗೆ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು) ನಿಶ್ಚಿಂತೆಯಿಂದ ಬಿಡಬಹುದು?

ಎರಡನೆಯದು, ಪತ್ನಿ ಪಕ್ಕದಲ್ಲಿ ಕುಳಿತು ಮೊಬೈಲಿನ ನಕ್ಷೆ ನೋಡಿ ದಾರಿ ಹೇಳುತ್ತಾರೆ; ತಲೆ ತಗ್ಗಿಸಿದ ನಾಲ್ಕನೆಯ ತಿರುವಿಗೇ ಹೊಟ್ಟೆ ತೊಳಸುತ್ತದೆ. ತಾವೇ ಸ್ಟೀರಿಂಗ್ ಹಿಡಿದರೆ ಏನೂ ಆಗುವುದಿಲ್ಲವಾದ್ದರಿಂದ ಈಗ ಹತ್ತುವಾಗ ಅವರೇ ಓಡಿಸುತ್ತಾರೆ, ಕಣಿವೆ ನೋಡುವ ಭಾಗ್ಯ ನನ್ನದು. ಅರ್ಧ ದಾರಿ ಅವರೇ ಓಡಿಸಬೇಕಾಗಿರುವುದರಿಂದ ನಿದ್ದೆ ಬರಿಸುವ ಮಾತ್ರೆ ಬೇಡ. ಮಾತ್ರೆಯಿಲ್ಲದೆ ಇದನ್ನು ನಿಭಾಯಿಸಿದವರು ದಯವಿಟ್ಟು ತಿಳಿಸಿ.