‘ಆಗಾಗ’ ಅಂದರೆ ಎಷ್ಟು ಸಲ? ಹೈಪರ್ ಮಕ್ಕಳ ಫಾರ್ಮಿಗೆ ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಒಂದು ಇಂಗ್ಲಿಷ್ ಪದಕ್ಕೆ ಕನ್ನಡ ಬೇಕು, ಅದೂ ಸೋಮವಾರದ ಒಳಗೆ. ಪದ ದೊಡ್ಡದೇನಲ್ಲ, ‘ಆಫನ್’ (often). ಇಷ್ಟಕ್ಕೆ ಇಷ್ಟುದ್ದದ ಪತ್ರ ಯಾಕಪ್ಪಾ ಅಂತೀರೇನೋ, ಸ್ವಲ್ಪ ತಾಳಿ, ಹೇಳುತ್ತೇನೆ.

ಬೆಳಗಾವಿಯಲ್ಲಿರುವ ನಮ್ಮ ಅಕ್ಕನ ಮಗನಿಗೆ ಎಂಟು ವರ್ಷ. ಕುಂತಲ್ಲಿ ಕೂಡುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಶಾಲೆಯಿಂದ ಮೂರು ಸಲ ಕರೆಸಿದ ಮೇಲೆ ಅಕ್ಕ ಅವನನ್ನು ಮಕ್ಕಳ ಮನೋವೈದ್ಯರಿಗೆ ತೋರಿಸಿದಳು. ಅವರು ‘ಎಡಿಎಚ್‌ಡಿ ಇರಬಹುದು, ನೋಡೋಣ’ ಅಂತ ಹೇಳಿ (ಗಮನ ನಿಲ್ಲದ, ಸುಮ್ನೆ ಕೂರಲಾಗದ ತೊಂದರೆ ಅದು) ಎರಡು ಫಾರ್ಮ್ ಕೊಟ್ಟಿದ್ದಾರೆ. ಒಂದು ಮನೆಯವರಿಗೆ, ಇನ್ನೊಂದು ಟೀಚರಿಗೆ. ವ್ಯಾಂಡರ್‌ಬಿಲ್ಟ್ ಫಾರ್ಮ್ ಅಂತಾರೆ ಇದಕ್ಕೆ. ಪೂರಾ ಇಂಗ್ಲಿಷು. ಅಕ್ಕ ಫೋಟೊ ತೆಗೆದು ವಾಟ್ಸಾಪಿಗೆ ಹಾಕಿ, ‘ತಮ್ಮಾ, ನೀ ಕನ್ನಡ ಮಾಸ್ತರ ಅದಿ, ಇದನ್ನ ಕನ್ನಡದಾಗ ಬರದ ಕಳಸು’ ಅಂದಳು. ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ. ಎರಡು ದಿನ ಆಯಿತು.

ಈ ತೊಂದರೆಯನ್ನು ರಕ್ತ ತೆಗೆದು ಹೇಳಲು ಬರುವುದಿಲ್ಲ, ಸ್ಕ್ಯಾನಿಂಗಿನಲ್ಲೂ ಗೊತ್ತಾಗುವುದಿಲ್ಲ. ಮಗುವನ್ನು ದಿನಾ ನೋಡುವವರ ಮಾತೇ ಮುಖ್ಯ ಅಳತೆ. ಫಾರ್ಮಿನಲ್ಲಿ ಮೊದಲ 9 ಪ್ರಶ್ನೆ ಗಮನದ್ದು, 10ರಿಂದ 18ರವರೆಗೆ ಹೈಪರ್‌ದು. ಪ್ರತಿ ಪ್ರಶ್ನೆಗೂ ನಾಲ್ಕು ಅಂಕಿ: 0, 1, 2, 3. ಸೊನ್ನೆಗೆ ‘ಎಂದೂ ಇಲ್ಲ’ ಅಂತ ಬರೆದೆ, ಅದರಲ್ಲಿ ಜಗಳವಿಲ್ಲ. 1 ಅಂದರೆ ‘ಅಕೇಶನಲಿ’, 2 ಅಂದರೆ ‘ಆಫನ್’, 3 ಅಂದರೆ ‘ವೆರಿ ಆಫನ್’. ಈಗ ನೋಡಿ, 0 ಮತ್ತು 1 ಲೆಕ್ಕಕ್ಕಿಲ್ಲ. 2 ಅಥವಾ 3 ಹಾಕಿದರೆ ಮಾತ್ರ ಆ ಲಕ್ಷಣ ಇದೆ ಅಂತ ಹಿಡಿಯುತ್ತಾರೆ. 9ರಲ್ಲಿ 6 ಹೀಗೆ ಬಂದು, ಓದಿಗೋ ಮಕ್ಕಳ ಜೊತೆ ಬೆರೆಯುವುದಕ್ಕೋ ತೊಂದರೆಯೂ ಆಗುತ್ತಿದ್ದರೆ ಡಾಕ್ಟರು ಮುಂದಕ್ಕೆ ನೋಡುತ್ತಾರೆ. ಅಂದರೆ ಇಡೀ ಲೆಕ್ಕ ತಿರುಗುವುದು 1 ಮತ್ತು 2ರ ನಡುವಿನ ಗೆರೆಯ ಮೇಲೆ.

ಆ ಗೆರೆಯ ಮೇಲೇ ನಮ್ಮ ‘ಆಗಾಗ’ ಕಾಲು ಚಾಚಿ ಮಲಗಿದೆ.

ನಾನು ಮೊದಲು 2ಕ್ಕೆ ‘ಆಗಾಗ’ ಅಂತ ಬರೆದೆ. ನಿಘಂಟು ನೋಡಿದರೆ ಅದೇ ಸಿಗುತ್ತದೆ, ತಪ್ಪಿಲ್ಲ. ಆಮೇಲೆ ಅನುಮಾನ ಬಂತು. ಸ್ಟಾಫ್ ರೂಮಿನಲ್ಲಿ ಸುಮ್ನೆ ಕೇಳಿದೆ, ‘ಅವನು ಆಗಾಗ ನಮ್ಮ ಮನೆಗೆ ಬರ್ತಾನೆ’ ಅಂದರೆ ಎಷ್ಟು ಸಲ ಬಂದ ಹಾಗಾಯಿತು ಅಂತ. ಒಬ್ಬರು ವಾರಕ್ಕೆ ಎರಡು ಸಲ ಅಂದರು. ಒಬ್ಬರು ತಿಂಗಳಿಗೊಮ್ಮೆ ಅಂದರು. ಗಣಿತದ ಮೇಡಂ ‘ಹಬ್ಬ ಹುಣ್ಣಿಮೆಗೆ ಅಷ್ಟ’ ಅಂದರು! ಹಾಗಾದರೆ ಅದು 1 ಆಯಿತಲ್ಲ? ಪದವನ್ನು ಬಿಡಿಸಿದರೂ ಅಷ್ಟೇ, ಆಗ + ಆಗ, ಬಿಟ್ಟು ಬಿಟ್ಟು ಅನ್ನುವ ಅರ್ಥ ಅದರ ಹೊಟ್ಟೆಯಲ್ಲೇ ಇದೆ. ‘ಆಗಾಗ ಮಳೆ ಬರ್ತಿತ್ತು’ ಅಂದರೆ ನಡುನಡುವೆ ಬಿಸಿಲೂ ಇತ್ತು ಅಂತ ತಾನೇ. ಒಬ್ಬ ತಾಯಿ ಅದನ್ನು ಜಾಸ್ತಿ ಅಂತ ಓದಿ, ಇನ್ನೊಬ್ಬ ತಾಯಿ ಅಪರೂಪ ಅಂತ ಓದಿದರೆ, ಒಂದೇ ಥರದ ಇಬ್ಬರು ಮಕ್ಕಳಲ್ಲಿ ಒಬ್ಬನಿಗೆ ಚಿಕಿತ್ಸೆ ಸಿಗುತ್ತದೆ, ಇನ್ನೊಬ್ಬನಿಗೆ ಬೆತ್ತ ಸಿಗುತ್ತದೆ.

ಇದು ಬರೀ ಈ ಒಂದು ಫಾರ್ಮಿನ ಪಾಡಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ, ಮಾನಸಿಕ ತೊಂದರೆಗಳನ್ನು ಗುರುತಿಸುವ ಕೈಪಿಡಿ ಡಿಎಸ್‌ಎಂ-5ರಲ್ಲಿ ಎಡಿಎಚ್‌ಡಿಯ 18 ಲಕ್ಷಣಗಳಿವೆ, ಹದಿನೆಂಟರಲ್ಲೂ ‘ಆಫನ್’ ಕೂತಿದೆ. ಆರು ತಿಂಗಳಿಂದ ಇರಬೇಕು, 12 ವರ್ಷಕ್ಕೆ ಮುಂಚೆ ಶುರುವಾಗಿರಬೇಕು, ಮನೆ ಶಾಲೆ ಹೀಗೆ ಎರಡು ಕಡೆಯಾದರೂ ಕಾಣಬೇಕು ಅಂತ ಅಂಕಿ ಹಾಕಿ ಹೇಳಿದ್ದಾರೆ. ಆದರೆ ಆಫನ್ ಅಂದರೆ ದಿನಕ್ಕೆ ಎಷ್ಟು ಸಲ ಅಂತ ಎಲ್ಲೂ ಹೇಳಿಲ್ಲ. ಬೇಕಂತಲೇ ಹೇಳಿಲ್ಲ ಅನಿಸುತ್ತದೆ, ಮೂರು ವರ್ಷದ ಕೂಸು ಏಳುವುದಕ್ಕೂ ಎಂಟು ವರ್ಷದವನು ಏಳುವುದಕ್ಕೂ ಒಂದೇ ಲೆಕ್ಕ ಹೇಗೆ ಹಾಕುತ್ತೀರಿ. ಕಾನರ್ಸ್ ಅನ್ನುವ ಅಮೆರಿಕದ ಮನೋವಿಜ್ಞಾನಿ 1969ರಲ್ಲಿ ಟೀಚರುಗಳಿಗಾಗಿ ಮಾಡಿದ ಪಟ್ಟಿಯಲ್ಲಿ ‘ಎಷ್ಟು ಸಲ’ ಬಿಟ್ಟು ‘ಎಷ್ಟು’ ಅಂತ ಕೇಳಿದ್ದರು. ಏನೂ ಇಲ್ಲ, ಸ್ವಲ್ಪ, ಸಾಕಷ್ಟು, ಬಹಳ, ಹೀಗೆ. ಅದೂ ಬಗೆಹರಿಯುವುದಿಲ್ಲ. ನಮ್ಮ ಕಡೆ ಚಹಾ ಬಿಸಿ ಇದ್ದರೂ ‘ಭಾಳ’, ಪರೀಕ್ಷೆಯಲ್ಲಿ ಫೇಲಾದರೂ ‘ಭಾಳ’.

ಸರಿ, ಊರ ಮಾತಿನಲ್ಲಿ ಹುಡುಕೋಣ ಅಂತ ಹೊರಟೆ. ‘ಒಮ್ಮೊಮ್ಮೆ’ 1ಕ್ಕೆ ಹೊಂದುತ್ತದೆ, ಅದನ್ನು ಇಟ್ಟುಕೊಂಡಿದ್ದೇನೆ. 2ಕ್ಕೆ ‘ಪದೇ ಪದೇ’ ಹೇಗೆ ಅಂತ ನೋಡಿದೆ. ಅದರಲ್ಲಿ ಸಿಟ್ಟಿದೆ. ಪದೇ ಪದೇ ಬಾಗಿಲು ಬಡಿದ ಅನ್ನುತ್ತೇವೆ, ಪದೇ ಪದೇ ಮುತ್ತು ಕೊಟ್ಟ ಅನ್ನುವುದು ಕಡಿಮೆ. ಪ್ರಶ್ನೆಯೇ ಹುಡುಗನನ್ನು ಬೈದ ಹಾಗಾದರೆ ತಾಯಿ ಅವನ ಪರ ವಹಿಸಿ ಕಡಿಮೆ ಅಂಕಿ ಹಾಕುತ್ತಾಳೆ. ನಮ್ಮ ‘ಮೇಲಿಂದ ಮೇಲೆ’ ಚೆನ್ನಾಗಿದೆ, ಸಿಟ್ಟೂ ಇಲ್ಲ, ನಡುವೆ ಸಂದೂ ಇಲ್ಲ. ಆದರೆ ತೀರಾ ಒತ್ತೊತ್ತು, 3ಕ್ಕೆ ಹತ್ತಿರ ಹೋಗಿಬಿಡುತ್ತದೆ ಅಂತ ಸಣ್ಣ ಅಳುಕು.

ಇನ್ನು ‘ಹಗಲೆಲ್ಲ’. ಈ ಪದದಿಂದ ಆದ ಫಜೀತಿ ಕೇಳಿ. ಡಾಕ್ಟರು ಮಂಡ್ಯ ಕಡೆಯವರು. ಅಕ್ಕ ಅವರಿಗೆ ‘ಹಗಲೆಲ್ಲಾ ಎದ್ದೆದ್ದು ಓಡ್ತಾನ್ರಿ’ ಅಂದಿದ್ದಾಳೆ. ಅವರು ಬರೆದುಕೊಂಡು, ‘ಹಾಗಾದ್ರೆ ಸಂಜೆ ಮೇಲೆ ಸುಮ್ನಿರ್ತಾನಾ?’ ಅಂತ ಕೇಳಿದರಂತೆ. ಅಕ್ಕ ಕಕ್ಕಾಬಿಕ್ಕಿ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಹಗಲೆಲ್ಲ ಅಂದರೆ ಮತ್ತೆ ಮತ್ತೆ ಅಂತ, ಅದಕ್ಕೂ ಸೂರ್ಯನಿಗೂ ಸಂಬಂಧ ಇಲ್ಲ, ರಾತ್ರಿ ಹತ್ತಕ್ಕೂ ಹಗಲೆಲ್ಲ ಫೋನ್ ಮಾಡಬಹುದು. ಅವರ ತಪ್ಪೇನಿಲ್ಲ ಬಿಡಿ. ಆದರೆ ಅಳತೆಗೋಲು ಊರೂರಿಗೆ ಉದ್ದ ಗಿಡ್ಡ ಆದರೆ ಏನು ಮಾಡುವುದು?

‘ಹೈಪರ್ ಆಕ್ಟಿವಿಟಿ’ಗೇ ಹೊಂದುವ ಪದ ಸಿಕ್ಕಿಲ್ಲ. ‘ಅತಿಚಟುವಟಿಕೆ’ ಅಂತ ಬರೆಯುತ್ತಾರೆ. ಚಟುವಟಿಕೆಯ ಹುಡುಗ ಅಂದರೆ ಹೊಗಳಿಕೆ, ಅತಿ ಸೇರಿಸಿದರೆ ಜಾಸ್ತಿ ಹೊಗಳಿಕೆ! ನಮ್ಮ ಅಪ್ಪನ ವಾದವೂ ಅದೇ, ‘ಹುಡುಗ ಚೂಟಿ ಅದಾನ, ಅದಕ್ಯಾಕ ದವಾಖಾನಿ?’ ಆ ಕಡೆ ‘ಉಡಾಳ’ ಅಂದರೆ ಬೈಗುಳ, ಅವನು ಬೇಕಂತ ಮಾಡುತ್ತಾನೆ ಅನ್ನುವ ಆರೋಪ. ಹೊಗಳಿಕೆಯೂ ಅಲ್ಲದ ಬೈಗುಳವೂ ಅಲ್ಲದ ಪದ ನಡುವೆ ಸಿಗುತ್ತಿಲ್ಲ. ಅವನ ಟೀಚರ್ ಮನೆಮಾತು ಮರಾಠಿ, ಅವರು ‘ಚುಳಬುಳ ಜಾಸ್ತಿರಿ’ ಅಂದರಂತೆ. ಕೂತಲ್ಲೇ ಕೈಕಾಲು ಆಡಿಸುವುದಕ್ಕೆ ಎಂಥ ಪದ ನೋಡಿ. ಕನ್ನಡದ ‘ಚಡಪಡಿಕೆ’ಯಲ್ಲಿ ಕಾತರ ಬೆರೆತಿದೆ, ಬಸ್ಸಿಗೆ ಕಾಯುವವನು ಚಡಪಡಿಸುತ್ತಾನೆ. ‘ಮಿಸುಕಾಟ’ ಸಾಕಾಗುತ್ತದಾ?

ಒಂದು ಪ್ರಶ್ನೆ ಮಾತ್ರ ಕನ್ನಡಕ್ಕೆ ತಾನಾಗೇ ನಡೆದು ಬಂತು. ಒಳಗೆ ಮೋಟಾರು ಕೂರಿಸಿದ ಹಾಗೆ ಓಡಾಡುತ್ತಾನೆಯೇ ಅನ್ನುವುದಕ್ಕೆ ‘ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ’ ಅಂತ ಹಾಕಿದೆ. ಜಾಸ್ತಿ ಮಾತಾಡುತ್ತಾನೆಯೇ ಅನ್ನುವುದಕ್ಕೆ ‘ಅರಳು ಹುರಿದ ಹಾಗೆ’ ಅಂತ ಬರೆದು ಹೊಡೆದು ಹಾಕಿದೆ, ಯಾಕೆಂದರೆ ಅದು ವೇಗದ ಮಾತು, ಜಾಸ್ತಿ ಮಾತಲ್ಲ.

ಇಷ್ಟು ಒದ್ದಾಡುವ ಬದಲು ಮಷೀನು ಇಲ್ಲವಾ ಅಂತ ನಮ್ಮ ಭಾವ ಕೇಳಿದರು. ಇದೆ. ಗಡಿಯಾರದ ಹಾಗೆ ಕೈಗೆ ಕಟ್ಟಿ ಅಲುಗಾಟ ಎಣಿಸುವುದಿದೆ. ತಲೆಗೆ ಪಟ್ಟಿ ಕಟ್ಟಿ, ಕಂಪ್ಯೂಟರ್ ಮುಂದೆ ಕೂರಿಸಿ, ತಲೆ ಎಷ್ಟು ಅಲುಗಿತು ಅಂತ ಕ್ಯಾಮೆರಾದಿಂದ ಅಳೆಯುವ ಕ್ಯೂಬಿ ಟೆಸ್ಟ್ ಇದೆ, ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ಸರ್ಕಾರಿ ಸಂಸ್ಥೆಯವರು 2024ರಲ್ಲಿ ಅದನ್ನು 6ರಿಂದ 17 ವರ್ಷದವರಿಗೆ ಡಾಕ್ಟರ ತಪಾಸಣೆಯ ಜೊತೆಗೆ ಬಳಸಬಹುದು ಅಂದರು. ಜೊತೆಗೆ, ಅದೊಂದರಿಂದಲೇ ಅಲ್ಲ. ಕೈಗೆ ಕಟ್ಟಿದ ಯಂತ್ರಕ್ಕೆ ಕಬಡ್ಡಿ ಯಾವುದು ಕ್ಲಾಸು ಯಾವುದು ಅಂತ ಗೊತ್ತಾಗುವುದಿಲ್ಲ. ಫಾರ್ಮ್ ಕೇಳುವುದು ಕೂರಬೇಕಾದ ಹೊತ್ತಿನಲ್ಲಿ ಏಳುತ್ತಾನಾ ಅಂತ.

ಹೀಗಾಗಿ ನಿನ್ನೆ ಅಕ್ಕನಿಗೆ ಒಂದು ಕೆಲಸ ಹೇಳಿದೆ. ರಾತ್ರಿ ಊಟಕ್ಕೆ ಕೂತಾಗ ಅವನು ಎಷ್ಟು ಸಲ ಏಳುತ್ತಾನೆ, ಎಣಿಸು ಅಂತ. ಎರಡು ರೊಟ್ಟಿ ಮುಗಿಯುವುದರೊಳಗೆ ಏಳು ಸಲ ಎದ್ದನಂತೆ. ‘ಈಗ ಹೇಳು, ಇದು ಒಮ್ಮೊಮ್ಮೆನೋ ಆಗಾಗನೋ?’ ಅಂದೆ. ‘ಏ, ಇವತ್ತ ಭಾಳ ಶಾಂತ ಇದ್ದಾ’ ಅಂದಳು.

ಈಗ ನನ್ನ ಪಟ್ಟಿ ಹೀಗಿದೆ: ಎಂದೂ ಇಲ್ಲ, ಒಮ್ಮೊಮ್ಮೆ, ಮೇಲಿಂದ ಮೇಲೆ, ಮತ್ತು 3ರ ಜಾಗ ಖಾಲಿ. ‘ಯಾವಾಗಲೂ’ ಹಾಕಲು ಮನಸ್ಸಿಲ್ಲ, ನಿದ್ದೆಯಲ್ಲಾದರೂ ಹುಡುಗ ಸುಮ್ನಿರುತ್ತಾನಲ್ಲ. ‘ತುಂಬಾ ಸಲ’ ಅಂದರೆ 2ಕ್ಕಿಂತ ಕಡಿಮೆ ಅನಿಸುತ್ತದೆ. ಇಂಡಿ, ಸಿಂದಗಿ, ಅಥಣಿ ಕಡೆಯವರು ಯಾರಾದರೂ ಇದ್ದರೆ ನಿಮ್ಮ ಮನೆಯಲ್ಲಿ ಅಜ್ಜಿಯರು ಏನಂತಾರೆ ಕೇಳಿ ತಿಳಿಸಿ. ಮೈಸೂರು ಕಡೆಯವರು ‘ಮೇಲಿಂದ ಮೇಲೆ’ ಅನ್ನುವುದನ್ನು 2 ಅಂತ ಓದುತ್ತೀರಾ, 3 ಅಂತ ಓದುತ್ತೀರಾ, ಅದನ್ನೂ ಹೇಳಿ. ಡಾಕ್ಟರು ಮಂಡ್ಯದವರು ಅಂತ ನೆನಪಿರಲಿ.