ದಂಡೆಯ ಮೇಲೆ ನಿಂತವರಲ್ಲ ನಾವು

ಬ್ರಿಟನ್ನಿನಲ್ಲಿರುವ ಕನ್ನಡಿಗರ ನಮ್ಮ ಗುಂಪಿಗೆ ಹೊಸದಾಗಿ ಸೇರಿದ ದಂಪತಿ ಕೇಳಿದ ಪ್ರಶ್ನೆಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಮಗ ಮೂರನೆಯ ತರಗತಿಗೆ ಬರುವ ಮೊದಲು ಊರಿಗೆ ಮರಳುವುದೋ, ಇಲ್ಲಿಯೇ ಬೇರು ಬಿಡುವುದೋ ಎಂಬುದು ಅವರ ಚಿಂತೆ. ಕಾಯಂ ವಾಸಕ್ಕೆ ಕಾಯುವ ಅವಧಿಯನ್ನು ಐದು ವರ್ಷದಿಂದ ಹತ್ತಕ್ಕೆ ಏರಿಸುವ ಸರ್ಕಾರದ ಮಾತು ಎಲ್ಲರ ತಲೆ ತಿನ್ನುತ್ತಿದೆ. ಇದರ ನಡುವೆ ಹಿರಿಯರೊಬ್ಬರು, "2016ರಲ್ಲೂ ಹೀಗೆಯೇ ಗಾಬರಿಯಾಗಿತ್ತು, ಆಮೇಲೆ ತಣ್ಣಗಾಯಿತು. ಅದು ಅವರವರ ಜಗಳ, ನಾವು ದಂಡೆಯ ಮೇಲೆ ನಿಂತು ನೋಡಿದವರು" ಎಂದು ಬರೆದಿದ್ದಾರೆ.

ಅವರ ಮೇಲೆ ಗೌರವವಿದೆ. ಆದರೆ ಈ ಮಾತನ್ನು ಒಪ್ಪಲಾರೆ. ಅಂದು ನಮ್ಮ ಕೈಯಲ್ಲೂ ಪೆನ್ಸಿಲ್ ಇತ್ತು.

ಹೊಸಬರಿಗೆ ಗೊತ್ತಿರಲಿಕ್ಕಿಲ್ಲ. ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೇ, ಬಿಡಬೇಕೇ ಎಂದು 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ನಡೆದ ಜನಮತ ಸಂಗ್ರಹದಲ್ಲಿ, ಇಲ್ಲಿ ವೀಸಾ ಪಡೆದು ವಾಸಿಸುತ್ತಿದ್ದ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೂ ಮತದ ಹಕ್ಕಿತ್ತು. ಅಂದರೆ ಭಾರತದ ಪಾಸ್‌ಪೋರ್ಟ್ ಹಿಡಿದು, ಕೆಲಸದ ವೀಸಾದ ಮೇಲೆ ನಾಲ್ಕು ವರ್ಷದ ಹಿಂದಷ್ಟೇ ಇಂಗ್ಲೆಂಡಿನ ಸ್ವಿಂಡನ್ ಪಟ್ಟಣಕ್ಕೆ ಬಂದಿದ್ದ ನನಗೂ, ನನ್ನ ಗಂಡನಿಗೂ. ಆದರೆ ಹತ್ತಾರು ವರ್ಷ ಇಲ್ಲಿಯೇ ದುಡಿದು ತೆರಿಗೆ ಕಟ್ಟಿದ ಪೋಲೆಂಡಿನವರಿಗೆ, ಇಟಲಿಯವರಿಗೆ, ಪೋರ್ಚುಗಲ್ಲಿನವರಿಗೆ ಇರಲಿಲ್ಲ.

ಈ ಪೋರ್ಚುಗಲ್ ಎಂಬ ಮಾತಿನ ಹಿಂದೆ ನನ್ನದೊಂದು ಕಥೆಯಿದೆ. ನಾನು ಕಾರವಾರದವಳು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ. ಸ್ವಿಂಡನ್ನಿನಲ್ಲಿ ಗೋವೆಯವರು ಎಷ್ಟಿದ್ದಾರೆಂದರೆ, ಬಂದ ಮೊದಲ ತಿಂಗಳಲ್ಲಿ ಮಾರುಕಟ್ಟೆಯಲ್ಲಿ ಕೊಂಕಣಿ ಕಿವಿಗೆ ಬಿದ್ದು ನಾನು ಬೆರಗಾಗಿ ನಿಂತಿದ್ದೆ. ಹಾಗೆ ಸಿಕ್ಕವಳು ಮಡಗಾಂವ್ ಕಡೆಯ ನನ್ನ ಗೆಳತಿ. ಅವಳ ಮಗಳೂ ನನ್ನ ಮಗಳೂ ಒಂದೇ ತರಗತಿ. ಅವಳು ಗೋದಾಮಿನ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ದಿನಗಳಲ್ಲಿ ಇಬ್ಬರು ಮಕ್ಕಳನ್ನೂ ನಾನೇ ಶಾಲೆಯಿಂದ ಕರೆತರುತ್ತಿದ್ದೆ. ನನಗೆ ಜ್ವರ ಬಂದರೆ ಅವಳ ಮನೆಯಿಂದ ಪೇಜು, ಉಪ್ಪಿನಕಾಯಿ ಬರುತ್ತಿತ್ತು.

ಗೋವೆ 1961ರ ಡಿಸೆಂಬರ್‌ವರೆಗೆ ಪೋರ್ಚುಗೀಸರ ಕೈಯಲ್ಲಿತ್ತು. ಅದಕ್ಕೂ ಮೊದಲು ಅಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಲಿಸ್ಬನ್ನಿನಲ್ಲಿ ಜನನ ನೋಂದಾಯಿಸಿ ಪೋರ್ಚುಗಲ್ಲಿನ ಪ್ರಜೆಗಳಾಗಬಹುದು. ಒಕ್ಕೂಟದಲ್ಲಿ ಬ್ರಿಟನ್ ಇದ್ದಷ್ಟು ಕಾಲ ವೀಸಾ ಇಲ್ಲದೆ ಇಲ್ಲಿಗೆ ಬಂದು ಇರಬಹುದಿತ್ತು. ಮಾಜಾಳಿ ಗಡಿಯಿಂದ ಆಚೆ ಅವಳ ಅಜ್ಜ, ಈಚೆ ನನ್ನ ಅಜ್ಜ. ಇಬ್ಬರೂ ಒಂದೇ ಕಡಲಿನ ಬಂಗಡೆ ತಿಂದವರು. ಅವಳ ಅಜ್ಜನನ್ನು ಪೋರ್ಚುಗೀಸರು ಆಳಿದ್ದರಿಂದ ಅವಳು ವೀಸಾ ಇಲ್ಲದೆ ಬಂದಳು, ಮತ ಹಾಕುವಂತಿರಲಿಲ್ಲ. ನನ್ನ ಅಜ್ಜನನ್ನು ಇಂಗ್ಲಿಷರು ಆಳಿದ್ದರಿಂದ ನಾನು ವೀಸಾಕ್ಕೆ ಸಾವಿರಗಟ್ಟಲೆ ಸುರಿದೆ, ಮತ ಮಾತ್ರ ಸಿಕ್ಕಿತು. ಚರಿತ್ರೆಗೂ ತಮಾಷೆ ಗೊತ್ತು.

ಅವಳ ಬದುಕನ್ನು ಅಲುಗಾಡಿಸಬಹುದಾದ ಮತ ನನ್ನ ಕೈಯಲ್ಲಿತ್ತು. ನಾನು ಅದನ್ನು "ಬಿಡಬೇಕು" ಎಂಬ ಚೌಕಕ್ಕೆ ಹಾಕಿದೆ.

ಕಾರಣ ಇತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಕಾರವಾರದಲ್ಲಿ ಒಂಟಿ. 2012ರಲ್ಲಿ ಬದಲಾದ ನಿಯಮದ ಪ್ರಕಾರ ವಯಸ್ಸಾದ ತಂದೆತಾಯಿಯನ್ನು ಇಲ್ಲಿಗೆ ಕಾಯಂ ಆಗಿ ಕರೆಸಿಕೊಳ್ಳುವುದು ಹೆಚ್ಚುಕಡಿಮೆ ಅಸಾಧ್ಯ: ಅವರಿಗೆ ದಿನನಿತ್ಯದ ಕೆಲಸಗಳಿಗೂ ಇನ್ನೊಬ್ಬರ ಆರೈಕೆ ಬೇಕಾಗಿರಬೇಕು, ಊರಿನಲ್ಲಿ ಹಣ ಕೊಟ್ಟರೂ ಆರೈಕೆ ಸಿಗದಂತಿರಬೇಕು. 2016ರ ಏಪ್ರಿಲ್‌ನಿಂದ ನಮ್ಮಂಥವರ ಕಾಯಂ ವಾಸಕ್ಕೆ 35,000 ಪೌಂಡ್ ಸಂಬಳದ ಗೆರೆ ಬೇರೆ ಎಳೆದಿದ್ದರು. ಯುರೋಪಿನವರಿಗೆ ಬಾಗಿಲು ಮುಚ್ಚಿದರೆ ನಮಗೆ ತೆರೆಯುತ್ತದೆ ಎಂದು ಆಗ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಹೇಳುತ್ತಿದ್ದರು. ಕರಿ ಹೋಟೆಲುಗಳಿಗೆ ಉಪಖಂಡದಿಂದ ಅಡುಗೆಯವರು ಬರಬಹುದು ಎಂಬ ಆಸೆಯನ್ನೂ ತೋರಿಸಿದ್ದರು. ನಾನೊಬ್ಬಳೇ ಮರುಳಾದವಳಲ್ಲ. ನಮ್ಮವರು ಹೆಚ್ಚಿರುವ ಸ್ಲೌ 54 ಶೇಕಡಾ ಬಿಡಬೇಕೆಂದಿತು. ಲೆಸ್ಟರ್ ಮಾತ್ರ 51 ಶೇಕಡಾ ಉಳಿಯಬೇಕೆಂದಿತು. ನಮ್ಮ ಮನೆಯಲ್ಲಿಯೇ ಒಂದಕ್ಕೊಂದು ಮತ: ಗಂಡ ಉಳಿಯುವ ಕಡೆ.

ಮತಗಟ್ಟೆಗೆ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಆಗ ಅವಳಿಗೆ ಏಳು. ಗುರುತಿನ ಚೀಟಿ ಯಾರೂ ಕೇಳಲಿಲ್ಲ, ಆಗಿನ್ನೂ ಆ ನಿಯಮ ಇರಲಿಲ್ಲ. ದಾರಕ್ಕೆ ಕಟ್ಟಿದ ಪೆನ್ಸಿಲ್‌ನಿಂದ ಗುಣಾಕಾರದ ಗುರುತು ಹಾಕಿ ಬಂದೆ. ಹೊರಗೆ ಬಂದಾಗ ಅವಳು ನನ್ನ ಬೆರಳು ಹಿಡಿದು ನೋಡಿ, "ಮಸಿ ಎಲ್ಲಿ?" ಎಂದಳು. ಚುನಾವಣೆ ಎಂದರೆ ಅವಳಿಗೆ ಅಜ್ಜಿಯ ಬೆರಳಿನ ಮೇಲಿನ ಮೈಸೂರಿನ ಮಸಿ. ಇಲ್ಲಿ ಮಸಿ ಹಾಕುವುದಿಲ್ಲ ಪುಟ್ಟಾ, ಎಂದೆ. ಯಾರಿಗೂ ಗೊತ್ತಾಗುವುದಿಲ್ಲ ಎಂಬ ನೆಮ್ಮದಿಯೂ ಇತ್ತೇನೋ.

ನಿಜ ಹೇಳಬೇಕೆಂದರೆ ನಮ್ಮ ಕಡೆ ಗೆಲ್ಲುತ್ತದೆ ಎಂದು ನಾನು ಅಂದುಕೊಂಡೇ ಇರಲಿಲ್ಲ. ರಾತ್ರಿ ಸಂಡರ್‌ಲ್ಯಾಂಡ್‌ನ ಫಲಿತಾಂಶ ಬಂತು, 61 ಶೇಕಡಾ ಬಿಡಬೇಕು. ಪೌಂಡ್ ಜಾರತೊಡಗಿತು. ಬೆಳಗಿನ ಜಾವ ದೇಶದ ತೀರ್ಪು: 51.9ಕ್ಕೆ 48.1. ಸ್ವಿಂಡನ್ ಕೂಡ ಬಿಡುವ ಕಡೆ, ಸುಮಾರು 55 ಶೇಕಡಾ. ತಿಂಡಿಯ ಹೊತ್ತಿಗೆ ಪ್ರಧಾನಿ ಕ್ಯಾಮರಾನ್ ರಾಜೀನಾಮೆ ಘೋಷಿಸಿದರು. ನೂರು ರೂಪಾಯಿಯ ಆಸುಪಾಸಿನಲ್ಲಿದ್ದ ಪೌಂಡ್ ಅಂದೇ ತೊಂಬತ್ತರ ಮೊದಲ ಅಂಕಿಗಳಿಗೆ ಇಳಿದಿತ್ತು. ಬೆಂಗಳೂರಿನಲ್ಲಿ ಫ್ಲಾಟಿನ ಸಾಲ ತೀರಿಸುತ್ತಿದ್ದವರು ಗುಂಪಿನಲ್ಲಿ ತಲೆ ಚಚ್ಚಿಕೊಂಡರು. "ಇನ್ನು ನಮ್ಮವರಿಗೆ ವೀಸಾ ಸಲೀಸು" ಎಂದು ಒಬ್ಬರು, "ಮುಂದಿನ ಸರದಿ ನಮ್ಮದು" ಎಂದು ಇನ್ನೊಬ್ಬರು. ಎಡಿನ್‌ಬರೋದಲ್ಲಿದ್ದವರು ತಾವು ಬೇರೆಯೇ ದೇಶದವರಂತೆ ಮಾತಾಡಿದರು. ಸ್ಕಾಟ್ಲೆಂಡಿನ 32 ಕೌನ್ಸಿಲ್‌ಗಳೂ ಉಳಿಯುವ ಕಡೆಗೇ ಇದ್ದವು. ನಮ್ಮ ಬೀದಿಯ ಅಂಗಡಿಯ ಗುಜರಾತಿ ಅಜ್ಜ, 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಅಟ್ಟಿದಾಗ ಬಂದವರು, ಹಾಲಿನ ಚಿಲ್ಲರೆ ಕೊಡುತ್ತ ಸಾವಕಾಶವಾಗಿ ಹೇಳಿದರು: ನಾವೆಲ್ಲ ಸರದಿಯಲ್ಲಿ ನಿಂತು ಬಂದವರು, ಈ ಯುರೋಪಿನವರೂ ನಿಲ್ಲಲಿ. ಅವರಿಗೆ ಉತ್ತರ ಕೊಡಲು ನನಗೆ ಬಾಯಿಯಿರಲಿಲ್ಲ.

ಶಾಲೆಯ ಗೇಟಿನಲ್ಲಿ ಗೆಳತಿ ನಿಂತಿದ್ದಳು. ಕಣ್ಣು ಊದಿತ್ತು, ರಾತ್ರಿ ಪಾಳಿಯದೋ ಅಳುವಿನದೋ ಕೇಳಲಿಲ್ಲ. "ನೀನಾದರೂ ನಮ್ಮ ಪರವಾಗಿ ಹಾಕಿದೆಯಲ್ಲ" ಎಂದು ಕೊಂಕಣಿಯಲ್ಲಿ ಅಂದಳು. ನಾನು ಹೌದೆಂದು ತಲೆಯಾಡಿಸಿದೆ.

ಆ ಬೇಸಿಗೆ ಹೇಗಿತ್ತೆಂದು ಹೊಸಬರು ಕೇಳಿದ್ದೀರಿ. ಮತದಾನಕ್ಕೆ ಒಂದು ವಾರ ಮೊದಲು ಸಂಸದೆ ಜೋ ಕಾಕ್ಸ್ ಅವರನ್ನು ಹಾಡಹಗಲೇ ಕೊಂದಿದ್ದರು. ಫಲಿತಾಂಶ ಬಂದ ಮೇಲೆ ಲಂಡನ್ನಿನ ಹ್ಯಾಮರ್‌ಸ್ಮಿತ್‌ನ ಪೋಲಿಷ್ ಸಾಂಸ್ಕೃತಿಕ ಕೇಂದ್ರದ ಬಾಗಿಲ ಮೇಲೆ ಹೊಲಸು ಬರೆದರು. ಜನಾಂಗ, ಧರ್ಮದ ದ್ವೇಷದಿಂದ ನಡೆದು ಪೊಲೀಸರಲ್ಲಿ ದಾಖಲಾದ ಅಪರಾಧಗಳು ಆ ಜುಲೈನಲ್ಲಿ ಹಿಂದಿನ ವರ್ಷದ ಜುಲೈಗಿಂತ 41 ಶೇಕಡಾ ಹೆಚ್ಚಿದ್ದವು. ನಮ್ಮನ್ನು ಮಾತ್ರ ಯಾರೂ ಏನೂ ಅನ್ನಲಿಲ್ಲ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಕೇಕ್ ಮಾಡಿ ತಂದು ಕೊಟ್ಟು, "ಇದು ನಿಮ್ಮಂಥವರ ಬಗ್ಗೆ ಅಲ್ಲ" ಎಂದು ಹೇಳಿ ಹೋದರು. ಹಾಗಾದರೆ ಯಾರ ಬಗ್ಗೆ ಎಂದು ಕೇಳಲಿಲ್ಲ.

ಆದರೂ ಬಸ್ಸಿನಲ್ಲಿ ನಾವು ದನಿ ತಗ್ಗಿಸಿದೆವು. ಕೆಲವು ದಿನ ಹೊರಗೆ ಇಂಗ್ಲಿಷಿನಲ್ಲೇ ಮಾತಾಡೋಣ ಎಂದು ಗಂಡ ಅಂದರು, ನಾನೂ ಒಪ್ಪಿದೆ. ಮಗಳಿಗೆ ಏನೂ ವಿವರಿಸಲಿಲ್ಲ. ಅವಳು ಕನ್ನಡದಲ್ಲಿ ಜೋರಾಗಿ ಏನೋ ಕೇಳಿದಾಗ ಮೆಲ್ಲನೆ ಕೈ ಒತ್ತುತ್ತಿದ್ದೆ, ಅಷ್ಟೇ. ಮಕ್ಕಳಿಗೆ ಅಷ್ಟು ಸಾಕು. ಸೆಪ್ಟೆಂಬರ್ ಹೊತ್ತಿಗೆ ಅವಳು ಮನೆಯೊಳಗೂ ಇಂಗ್ಲಿಷಿನಲ್ಲೇ ಉತ್ತರಿಸತೊಡಗಿದ್ದಳು. ಅಜ್ಜಿಯ ಫೋನ್ ಬಂದರೆ ಓಡಿ ಹೋಗುತ್ತಿದ್ದಳು. ಆ ಕನ್ನಡವನ್ನು ಮತ್ತೆ ಅವಳ ನಾಲಿಗೆಗೆ ತರಲು ನಾಲ್ಕು ವರ್ಷ ಹಿಡಿಯಿತು: ಭಾನುವಾರದ ಕನ್ನಡ ಶಾಲೆ, ಎರಡು ಬೇಸಿಗೆ ಕಾರವಾರ, ನನ್ನ ಬೈಗುಳ. ಇಷ್ಟಾಗಿಯೂ ಒತ್ತಕ್ಷರ ಕಂಡರೆ ಇಂದಿಗೂ ಮುಖ ಕಿವುಚುತ್ತಾಳೆ. ಆ ಇಂಗ್ಲೆಂಡ್ ಅವಳ ಕನ್ನಡವನ್ನು ಕಿತ್ತುಕೊಂಡಿತು ಎಂದು ಹೇಳಿಕೊಳ್ಳುವುದು ಸುಲಭ. ಕೈ ಒತ್ತಿದವಳು ನಾನು.

ಉಳಿದದ್ದು ನಿಮಗೆ ಗೊತ್ತು. 2020ರ ಜನವರಿ 31ರಂದು ಬ್ರಿಟನ್ ಹೊರಬಂತು. ನಮ್ಮವರಿಗೆ ಕೆಲಸದ ವೀಸಾ ಹೆಚ್ಚು ಸಿಕ್ಕಿದ್ದು ನಿಜ. ಈ ಗುಂಪಿನ ಅರ್ಧ ಜನ ಹಾಗೆ ಬಂದವರೇ. ಈಗ ಅದೇ ಬಾಗಿಲನ್ನು ನಿಮ್ಮ ಮುಖದ ಮೇಲೆ ಎಳೆಯುತ್ತಿದ್ದಾರೆ. ನನ್ನ ಗೆಳತಿ 2019ರಲ್ಲಿ, ಮೊದಲೇ ನೆಲೆಸಿದ್ದ ಯುರೋಪಿಯನ್ನರ ಯೋಜನೆಯಡಿ ಮೊಬೈಲಿನಲ್ಲೇ ಅರ್ಜಿ ಹಾಕಿ ಒಂದು ಪೈಸೆ ಕೊಡದೆ ಕಾಯಂ ವಾಸ ಪಡೆದಳು. ನಾವು ಅದಕ್ಕೆ ತಲಾ ಎರಡು ಸಾವಿರ ಪೌಂಡಿಗೂ ಹೆಚ್ಚು ತೆತ್ತಿದ್ದೆವು. ತಂದೆತಾಯಿಯನ್ನು ಕರೆಸುವ ನಿಯಮ ಮಾತ್ರ ಕೂದಲೆಳೆಯಷ್ಟೂ ಸಡಿಲವಾಗಲಿಲ್ಲ. ಅಮ್ಮ ಇಂದಿಗೂ ಆರು ತಿಂಗಳ ಪ್ರವಾಸಿ ವೀಸಾದ ಮೇಲೆ ಬಂದು, ಇಲ್ಲಿನ ಬಿಸಿಲಿಗೆ ಹಪ್ಪಳ ಒಣಗುವುದಿಲ್ಲ ಎಂದು ಗೊಣಗಿ, ಮರಳಿ ಹೋಗುತ್ತಾರೆ.

ಇರಬೇಕೇ ಹೋಗಬೇಕೇ ಎಂದು ನಾನು ಹೇಳಲಾರೆ. ನಿಮ್ಮ ಕೆಲಸ, ನಿಮ್ಮ ಅಪ್ಪ ಅಮ್ಮನ ಆರೋಗ್ಯ ನಿಮಗೇ ಗೊತ್ತು. ಇರುವುದಾದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಿ. ಕಾಮನ್‌ವೆಲ್ತ್ ಹಕ್ಕು ಸಾರ್ವತ್ರಿಕ ಚುನಾವಣೆಗೂ ಇದೆ, ವೀಸಾದಲ್ಲಿದ್ದರೂ ಸಲ್ಲುತ್ತದೆ. ಬಸ್ಸಿನಲ್ಲಿ ಮಗನ ಜೊತೆ ಕನ್ನಡದಲ್ಲೇ ಮಾತಾಡಿ.

ಮಗಳಿಗೆ ಈಗ ಹದಿನೇಳು ತುಂಬುತ್ತಿದೆ. ಕಳೆದ ತಿಂಗಳು ಕಾಲೇಜಿನ ಪಾಠಕ್ಕೆಂದು, 2016ರಲ್ಲಿ ಮತ ಹಾಕಿದವರೊಬ್ಬರನ್ನು ಸಂದರ್ಶಿಸಬೇಕಿತ್ತಂತೆ. ಮೊಬೈಲನ್ನು ಮೇಜಿನ ಮೇಲಿಟ್ಟು ರೆಕಾರ್ಡ್ ಒತ್ತಿ, ಕನ್ನಡದಲ್ಲೇ ಕೇಳಿದಳು. ಎಲ್ಲವನ್ನೂ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಮಾವಶಿಗೆ ಗೊತ್ತಾ?" ಎಂದಳು. ಗೆಳತಿಯನ್ನು ಅವಳು ಕರೆಯುವುದು ಮಾವಶಿ ಎಂದೇ.

ಶನಿವಾರ ಅವರ ಮನೆಯಲ್ಲಿ ಊಟ. ನಾನು ಬಂಗಡೆ ತರುತ್ತೇನೆಂದು ಹೇಳಿದ್ದೇನೆ.